ಮಾತಾಡಬಾರದ ಆಟ

ಕೂಡ್ಲಿಗಿ
ಮಂಗಳವಾರ, ೧೧-೨-೨೦೦೩

ಪೂಜ್ಯ ಅತ್ತೆಯವರಿಗೆ ನಿಮ್ಮ ಕಿರಿಸೊಸೆ ಗೀತಮ್ಮ ಇಲ್ಲಿಂದಲೇ ಕಾಲುಮುಟ್ಟಿ ಮಾಡುವ ನಮಸ್ಕಾರಗಳು.

ಮೊದಲು ನಿಮ್ಮ ಮೊಣಕಾಲು ಹೇಗಿದೆ ಎಂದು ತಿಳಿಸಿ. ಹೋದ ಕಾಗದದಲ್ಲಿ ನಿಮ್ಮ ಮಗಳು ಹುಲಿಗೆಮ್ಮ, ಅಮ್ಮ ಈಗ ಗೋಡೆ ಹಿಡಿಯದೆ ಹಿತ್ತಲಿಗೆ ಹೋಗಿಬರುತ್ತಾಳೆ ಎಂದು ಬರೆಸಿದ್ದಳು. ಓದಿ ಸಮಾಧಾನವಾಯಿತು. ಆದರೂ ಮಗಳು ಗಂಡನ ಮನೆಯಲ್ಲಿ ಕೂತು ತವರಿನವರಿಗೆ ಬರೆಯುವಾಗ ಎಲ್ಲವನ್ನೂ ಒಂದಿಷ್ಟು ಚೆಂದ ಮಾಡಿಯೇ ಬರೆಯುತ್ತಾಳೆ. ನಾನೂ ಹಾಗೇ ಮಾಡುತ್ತಿದ್ದೆ. ಹಡಗಲಿ ಡಾಕ್ಟರು ಕೊಟ್ಟ ಎಣ್ಣೆಯನ್ನು ಬಿಸಿ ಮಾಡಿಯೇ ಹಚ್ಚಿಸಿಕೊಳ್ಳಿ. ಹಿರೇಹಡಗಲಿಯಲ್ಲಿ ಬೆಳಗಿನ ಚಳಿ ಇನ್ನೂ ಬಿಟ್ಟಿಲ್ಲವೆಂದು ಅಲ್ಲಿಂದ ಬಂದವರು ಹೇಳಿದರು. ಮಂಕರಿ ತುಂಬ ಬಟ್ಟೆ ಒಯ್ದು ಒಗೆಯುವ ಹಟ ಬೇಡ. ಹುಲಿಗೆಮ್ಮನ ಅತ್ತೆ ಏನೂ ಅಂದುಕೊಳ್ಳುವವರಲ್ಲ. ಇಲ್ಲಿ ಎಲ್ಲರೂ ಕ್ಷೇಮ. ಎಲ್ಲರೂ ಎಂದರೆ ಗೋಡೆಯ ಈ ಕಡೆಯವರೂ, ಆ ಕಡೆಯವರೂ.

ರೋಜಾ, ಈ ಕಾಗದ ನೀನೇ ಓದುತ್ತೀಯೆಂದು ಗೊತ್ತು. ನಿಧಾನವಾಗಿ ಓದು. ಅಜ್ಜಿಗೆ ಎಡಗಿವಿ ಮಂದ, ಬಲಕ್ಕೆ ಕೂತುಕೋ. ನಿಮ್ಮ ಅಜ್ಜಿ ಯಾಕೆ ಮಕ್ಕಳ ಮನೆ ಬಿಟ್ಟು ನಿಮ್ಮಲ್ಲಿದ್ದಾಳೆ ಎನ್ನುವುದನ್ನು ನಿನಗೆ ಯಾರೂ ಸರಿಯಾಗಿ ಹೇಳಿರಲಿಕ್ಕಿಲ್ಲ. ನೀನು ಆಗ ಬಾಲವಾಡಿಗೆ ಹೋಗುತ್ತಿದ್ದೆ. ಈಗ ಹೈಸ್ಕೂಲು ಹುಡುಗಿ, ತಿಳಿದರೆ ತಪ್ಪಿಲ್ಲ. ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಿನ್ನ ದೊಡ್ಡಮಾವ ಬೊಮ್ಮಪ್ಪ ಮನೆಯ ಜೋಡಿ ಎತ್ತುಗಳನ್ನು ಮಾರಿದರು. ಒಂದರ ಕಾಲು ಕುಂಟಾಗಿತ್ತು, ಆ ವರ್ಷ ಮೇವೂ ಇರಲಿಲ್ಲ. ಆದರೆ ಆ ಕುಂಟೆತ್ತನ್ನು ಕರುವಿದ್ದಾಗಿನಿಂದ ಕೈಯಾರೆ ಮೇಯಿಸಿ ಬೆಳೆಸಿದವರು ನಿನ್ನ ಸಣ್ಣಮಾವ, ನನ್ನ ಯಜಮಾನರು. ಅವರು ಆಗ ಹೊಸಪೇಟೆಯಲ್ಲಿ ಪಂಪಿನ ಮೋಟಾರು ರಿಪೇರಿ ಕೆಲಸಕ್ಕಿದ್ದರು. ಊರಿಗೆ ಬಂದು ನೋಡಿದರೆ ಕೊಟ್ಟಿಗೆಯಲ್ಲಿ ಗೋದಲಿ ಖಾಲಿ. ಓಣಿಯ ಜನರೆಲ್ಲ ಕೇಳುವ ಹಾಗೆ ಅಣ್ಣನಿಗೆ ಒಂದು ಮಾತು ಅಂದುಬಿಟ್ಟರು: "ಅಪ್ಪ ಇದ್ದಿದ್ರ ಅವನನ್ನೂ ಹಿಂಗ ಸಂತಿಗೆ ಹೊಡಕಂಡು ಹೋಗ್ತಿದ್ದಿ ನೀನು."

ದೊಡ್ಡಭಾವ ತಿರುಗಿ ಏನೂ ಅನ್ನಲಿಲ್ಲ. ಅವತ್ತು ಬಾಯಿ ಮುಚ್ಚಿದವರು ತಮ್ಮನ ಜೊತೆ ಆಮೇಲೆ ಬಾಯಿ ಬಿಡಲೇ ಇಲ್ಲ. ಪಡಸಾಲೆಯ ನಡುವೆ ಗೋಡೆ ಎದ್ದಿತು. ಅತ್ತೆಯವರು ಇಬ್ಬರ ಒಲೆಯದೂ ಬೇಡ ಎಂದು ಮಗಳ ಊರಿನ ಬಸ್ಸು ಹತ್ತಿದರು. ಇಷ್ಟೇ ಕಥೆ ರೋಜಾ. ಇನ್ನು ಮುಂದಿನದನ್ನು ಅಜ್ಜಿಗೆ ಓದು.

ಅತ್ತೆ, ನೀವು ಇದ್ದಾಗ ಹಳೇ ತಹಶೀಲ್ದಾರ್ ಕಚೇರಿ ಕಡೆ ಜಾಲಿಮುಳ್ಳು ಬೆಳೆದ ಒಂದು ಜಾಗವಿತ್ತಲ್ಲ, ಹಂದಿಗಳು ಮಲಗುತ್ತಿದ್ದವು, ಅದನ್ನು ಪಟ್ಟಣ ಪಂಚಾಯ್ತಿಯವರು ಎರಡು ವರ್ಷದ ಕೆಳಗೆ ಸವರಿಸಿ ಪಾರ್ಕು ಮಾಡಿದ್ದಾರೆ. ಸುತ್ತ ತಂತಿಬೇಲಿ, ಒಳಗೆ ಮಕ್ಕಳಿಗೆ ಜೋಕಾಲಿ, ಜಾರುಬಂಡೆ, ನಡೆಯುವವರಿಗೆ ಸುತ್ತಲೂ ಮೊರಂ ಮಣ್ಣು ಹಾಕಿದ ದಾರಿ. ಗೇಟಿನ ಪಕ್ಕ ಒಂದು ಶೀಟಿನ ಕೋಣೆ. ಅದರ ಮೇಲೆ ಮನರಂಜನಾ ಕೇಂದ್ರ ಎಂದು ಬಣ್ಣದಲ್ಲಿ ಬರೆಸಿದ್ದಾರೆ, ಜನ ಕೇರಂ ರೂಮು ಅನ್ನುತ್ತಾರೆ. ಒಳಗೆ ಪೇಪರು ಬರುತ್ತದೆ, ಟಿವಿ ಇದೆ, ಕೇರಂ ಬೋರ್ಡುಗಳಿವೆ. ಹೂವು ಹೆಚ್ಚೇನೂ ಇಲ್ಲ. ನೀರು ಬಿಡುವ ದಿನ ಕಾವಲಿನ ಪಾಲಯ್ಯ ಪೈಪು ಹಿಡಿದು ನಿಂತರೆ ಕಣಗಿಲೆ ಗಿಡಗಳಿಗೆ ಒಂದಿಷ್ಟು ಸಿಗುತ್ತದೆ. ಊರಿಗೆ ಇದು ದೊಡ್ಡದೇ. ಮೊದಲು ಸಂಜೆಯಾದರೆ ಗಂಡಸರು ಬಸ್‌ಸ್ಟ್ಯಾಂಡಿನ ಚಹಾದಂಗಡಿ ಮುಂದೆ ನಿಲ್ಲುತ್ತಿದ್ದರು. ನಾವು ಹೆಂಗಸರು ಎಲ್ಲೂ ನಿಲ್ಲುತ್ತಿರಲಿಲ್ಲ.

ಈಗ ನಾಲ್ಕರಿಂದ ಐದೂವರೆಯ ತನಕ ದಾರಿ ಹೆಂಗಸರಿಗೆ ಮಾತ್ರ. ಅಕ್ಕ ಪಂಪಮ್ಮನೂ ನಾನೂ ಹೋಗುತ್ತೇವೆ. ವಾರಗಿತ್ತಿಯರು ಮಾತಾಡುತ್ತೇವೆಂದು ಬರೆದರೆ ನಿಮಗೇನೂ ಆಶ್ಚರ್ಯವಾಗುವುದಿಲ್ಲ, ನಾವು ಯಾವತ್ತೂ ಮಾತು ಬಿಟ್ಟವರಲ್ಲ. ಹಿತ್ತಲಿನ ಗೋಡೆ ಮೇಲಿಂದ ಸಾರು, ಚಟ್ನಿಪುಡಿ ದಾಟುತ್ತಲೇ ಇತ್ತು. ಆದರೆ ಇಷ್ಟು ವರ್ಷ ಒಬ್ಬರ ಮುಖ ಒಬ್ಬರಿಗೆ ಹಣೆಯಿಂದ ಮೂಗಿನ ತನಕ ಮಾತ್ರ ಕಾಣುತ್ತಿತ್ತು. ಪಾರ್ಕಿನಲ್ಲಿ ಪೂರ್ತಿ ಕಂಡಾಗ ಅಕ್ಕನ ಕೆಳಹಲ್ಲು ಎರಡು ಹೋಗಿರುವುದು ನನಗೆ ಗೊತ್ತಾಯಿತು. ಅವರಿಗೆ ನನ್ನ ಕತ್ತಿನ ನರಹುಲಿ ಕಂಡಿತು. ಮೊದಲ ದಿನ ಇಬ್ಬರೂ ಚಪ್ಪಲಿ ಕೈಯಲ್ಲಿ ಹಿಡಿದೇ ನಡೆದೆವು. ಗುಡಿಯ ಸುತ್ತ ತಿರುಗಿ ರೂಢಿ, ಇಲ್ಲಿ ಚಪ್ಪಲಿ ಹಾಕಿಕೊಳ್ಳಬಹುದು ಎಂದು ಹೊಳೆಯಲಿಲ್ಲ. ಪಾಲಯ್ಯ ನೋಡಿ ನಕ್ಕ.

ನಿಮ್ಮ ಮಕ್ಕಳಿಬ್ಬರಿಗೂ ಸಕ್ಕರೆ ಕಾಯಿಲೆ. ನಿಮಗೆ ದೊಡ್ಡಮಗನದು ಗೊತ್ತು, ಸಣ್ಣಮಗನದು ಹೋದ ವರ್ಷ ತಿಳಿಯಿತು, ನೀವು ಹೆದರುತ್ತೀರೆಂದು ಬರೆದಿರಲಿಲ್ಲ. ಸರ್ಕಾರಿ ಆಸ್ಪತ್ರೆಯ ಡಾಕ್ಟರು ಇಬ್ಬರಿಗೂ ದಿನಾ ನಡೆಯಲು ಹೇಳಿದರು. ನಡೆಯಲು ಊರಿಗೆ ಇರುವುದು ಇದೊಂದೇ ಪಾರ್ಕು. ಮೊದಮೊದಲು ಒಬ್ಬರು ಎಡಕ್ಕೆ, ಒಬ್ಬರು ಬಲಕ್ಕೆ ಸುತ್ತುತ್ತಿದ್ದರು. ಹಾಗೆ ಸುತ್ತಿದರೆ ಪ್ರತಿ ಸುತ್ತಿನಲ್ಲೂ ಎದುರೆದುರು ಸಿಗುತ್ತಾರೆ. ಎದುರಾದಾಗ ಒಬ್ಬರು ಜೋಕಾಲಿ ನೋಡಬೇಕು, ಇನ್ನೊಬ್ಬರು ಬೇಲಿ ನೋಡಬೇಕು. ಕೆಲವು ದಿನ ಹೀಗಾದ ಮೇಲೆ ಇಬ್ಬರೂ ಒಂದೇ ದಿಕ್ಕಿಗೆ ಸುತ್ತತೊಡಗಿದರು, ನಡುವೆ ಅರ್ಧ ಪಾರ್ಕಿನಷ್ಟು ಜಾಗ ಬಿಟ್ಟು. ಆಗ ಒಬ್ಬರ ಬೆನ್ನು ಮಾತ್ರ ಇನ್ನೊಬ್ಬರಿಗೆ ಕಾಣುತ್ತದೆ. ಇದನ್ನು ಯಾರೂ ಯಾರಿಗೂ ಹೇಳಿ ಮಾಡಿದ್ದಲ್ಲ. ನಡೆದು ಮುಗಿಸಿ ಇಬ್ಬರೂ ಕೇರಂ ರೂಮಿಗೆ ಹೋಗಿ ಬೇರೆ ಬೇರೆ ಬೋರ್ಡಿನಲ್ಲಿ ಕೂಡುತ್ತಿದ್ದರು. ಚಿಕ್ಕವರಿದ್ದಾಗ ಯುವಕ ಸಂಘದಲ್ಲಿ ಇಬ್ಬರೂ ಆಡಿ ಬೆಳೆದವರು ಎಂದು ನೀವೇ ಒಮ್ಮೆ ಹೇಳಿದ್ದಿರಿ. ಊಟಕ್ಕೆ ಕರೆಯಲು ಕೋಲು ಹಿಡಿದು ಹೋಗುತ್ತಿದ್ದೆ ಅಂದಿದ್ದಿರಿ.

ಜನವರಿ ಇಪ್ಪತ್ತಾರಕ್ಕೆ ಪಂಚಾಯ್ತಿಯವರು ಐವತ್ತು ದಾಟಿದವರಿಗೆಂದು ಕೇರಂ ಪಂದ್ಯ ಇಟ್ಟರು. ಜೋಡಿ ಆಟ. ನಡೆಸುವ ಹೊಣೆ ರಿಟೈರ್ಡ್ ಪಂಚಾಕ್ಷರಪ್ಪ ಮೇಷ್ಟ್ರದು. ಯಾರು ಯಾರ ಜೋಡಿ ಎಂದು ಆಟಗಾರರಿಗೇ ಬಿಟ್ಟರೆ ಚೆನ್ನಾಗಿ ಆಡುವವರೆಲ್ಲ ಒಂದಾಗುತ್ತಾರೆ, ಅದಕ್ಕೆ ಚೀಟಿ ಎತ್ತುವುದು ಎಂದು ಅವರು ಮೊದಲೇ ಸಾರಿದ್ದರು. ಹೆಸರು ಬರೆದ ಚೀಟಿಗಳನ್ನು ಬಿಸ್ಕತ್ತಿನ ಡಬ್ಬಿಗೆ ಹಾಕಿ ಕುಲುಕಿ ಎರಡೆರಡೇ ತೆಗೆದರು. ಬೊಮ್ಮಪ್ಪ ಎಂದು ಓದಿದರು. ಮುಂದಿನ ಚೀಟಿ ಬಿಚ್ಚಿ ನನ್ನ ಯಜಮಾನರ ಹೆಸರು, ರಾಮಾಂಜನೇಯ ಎಂದು ಓದಿದರು. ರೂಮಿನಲ್ಲಿ ಇದ್ದವರಿಗೆಲ್ಲ ನಮ್ಮ ಮನೆ ವಿಷಯ ಗೊತ್ತು. ಯಾರೋ ಕೆಮ್ಮಿದರಂತೆ. ಮೇಷ್ಟ್ರು, ಬೇಕಾದರೆ ಬೇರೆ ಎತ್ತುತ್ತೇನೆ ಅಂದರು. ಇಬ್ಬರೂ ಬೇಡವೆನ್ನಲಿಲ್ಲ, ಬೇಕೆನ್ನಲಿಲ್ಲ. ತಾನು ಮೊದಲು ಹಿಂದೆ ಸರಿದರೆ ಅವನು ಗೆದ್ದ ಹಾಗೆ ಎಂದು ಇಬ್ಬರ ತಲೆಯಲ್ಲೂ ಓಡಿರಬೇಕು. ಇದು ನನ್ನ ಊಹೆ. ನನ್ನ ಯಜಮಾನರು ಆ ರಾತ್ರಿ ಊಟಕ್ಕೆ ಕೂತಾಗ, ಜೋಡಿ ಯಾರು ಎಂದು ಕೇಳಿದರೆ, ಯಾರೋ ಒಬ್ರು ಬಂದಾರ ಅಂದರು.

ಜೋಡಿ ಆಟದಲ್ಲಿ ಜೊತೆಗಾರರು ಅಕ್ಕಪಕ್ಕ ಕೂಡುವುದಿಲ್ಲ, ಎದುರುಬದುರು ಕೂಡಬೇಕು. ಹಾಗಾಗಿ ಇಷ್ಟು ವರ್ಷ ಬೆನ್ನು ನೋಡುತ್ತಿದ್ದವರು ಮುಖ ನೋಡಬೇಕಾಯಿತು. ಮೇಷ್ಟ್ರ ಇನ್ನೊಂದು ನಿಯಮ ಕೇಳಿ: ಆಟ ನಡೆಯುವಾಗ ಜೊತೆಗಾರರು ತಮ್ಮತಮ್ಮಲ್ಲಿ ಮಾತಾಡಬಾರದು, ಸನ್ನೆ ಮಾಡಬಾರದು. ಮಾಡಿದರೆ ತಪ್ಪು, ಗಳಿಸಿದ ಒಂದು ಕಾಯಿ ತಿರುಗಿ ಬೋರ್ಡಿನ ನಡುವೆ ಇಡಬೇಕು. ಬೇರೆ ಜೋಡಿಗಳೆಲ್ಲ ಇದರಿಂದಲೇ ಸೋತವು. ಅದಲ್ಲೋ, ಈ ಕಡೀದು ಹೊಡಿ ಎಂದು ಬಾಯಿಗೆ ಬಂದೇ ಬಿಡುತ್ತದೆ ಅವರಿಗೆ. ಒಂದು ಜೋಡಿ ಮಾತಿಗೇ ಮೂರು ಕಾಯಿ ಕಳೆದುಕೊಂಡಿತು. ನಿಮ್ಮ ಮಕ್ಕಳಿಗೆ ಈ ನಿಯಮ ಹೇಳುವ ಅಗತ್ಯವೇ ಇರಲಿಲ್ಲ. ಭಾವನವರದು ನೇರ ಹೊಡೆತ. ಇವರದು ಬೋರ್ಡಿನ ಅಂಚಿಗೆ ತಾಗಿಸಿ ವಾಪಸು ತರುವ ಹೊಡೆತ. ಒಬ್ಬರು ತೆರವು ಮಾಡಿದ್ದನ್ನು ಇನ್ನೊಬ್ಬರು ಬೀಳಿಸುತ್ತಿದ್ದರು. ಆಟ ಮುಗಿದ ಮೇಲೆ ಒಬ್ಬರು ಗೇಟಿನಿಂದ ಹೋಗುತ್ತಿದ್ದರು, ಇನ್ನೊಬ್ಬರು ಪೇಪರು ಹಿಡಿದು ಇನ್ನಷ್ಟು ಹೊತ್ತು ಕೂಡುತ್ತಿದ್ದರು. ಹೀಗೆ ಮಾತಿಲ್ಲದೆ ಗೆಲ್ಲುತ್ತಾ ಫೈನಲ್ಲಿಗೆ ಬಂದರು. ಊರಲ್ಲಿ ಇದೇ ಸುದ್ದಿ. ಇಬ್ಬರೂ ಮಾತಾಡದೆ ಗೆಲ್ಲುವುದನ್ನು ನೋಡಲು ಜನ ಬರತೊಡಗಿದರು. ನನಗೆ ಮತ್ತು ಅಕ್ಕನಿಗೆ ಇದು ಅಷ್ಟು ಹಿಡಿಸಲಿಲ್ಲ. ಮಾತಿಲ್ಲದಿದ್ದರೆ ಗೆಲುವು ಎಂದಾದರೆ ಇನ್ನು ಮಾತು ಯಾಕೆ ಬೇಕು ಎಂದು ಇಬ್ಬರಿಗೂ ಅನಿಸಿಬಿಟ್ಟರೆ ಏನು ಗತಿ ಎಂದು ಅಕ್ಕ ನಡೆಯುತ್ತಾ ಹೇಳಿದರು. ನನಗೂ ಅದೇ ಯೋಚನೆಯಾಗಿತ್ತು.

ಫೈನಲ್ಲು ಮೊನ್ನೆ ಭಾನುವಾರ ಸಂಜೆ ಇತ್ತು. ಅವತ್ತು ನಿಮ್ಮ ಮಗನಿಗೆ ಬೆಳಿಗ್ಗೆಯೇ ಒಂದು ಹೊಲದಿಂದ ಕರೆ ಬಂತು, ಪಂಪು ಸುಟ್ಟಿದೆ, ಬೆಳೆ ಒಣಗುತ್ತದೆ ಎಂದು. ಮಾತ್ರೆ ನುಂಗಿ ಹೋದವರು ಮಧ್ಯಾಹ್ನ ಊಟಕ್ಕೆ ಬರಲಿಲ್ಲ. ಹೊಲದವರು ಉಣ್ಣಿಸಿರಬೇಕೆಂದು ನಾನು ಸುಮ್ಮನಿದ್ದೆ. ಅವರು ಗ್ರೀಸು ಮೆತ್ತಿದ ಕೈ ತೊಳೆದುಕೊಂಡು ಹೊಲದಿಂದ ನೇರ ಪಾರ್ಕಿಗೇ ಹೋಗಿದ್ದರು. ಅಕ್ಕ, ನಾನು ಕೇರಂ ರೂಮಿನ ಕಿಟಕಿಯ ಹೊರಗೆ ನಿಂತಿದ್ದೆವು. ಒಳಗೆ ಹೆಂಗಸರು ಬರಬಾರದೆಂದಲ್ಲ, ಜಾಗವಿರಲಿಲ್ಲ. ಎದುರಾಳಿಗಳು ಸೊಸೈಟಿಯ ಉಜ್ಜಿನಪ್ಪನವರು, ಅವರ ಜೊತೆಗೆ ಕೊಟ್ಟೂರಿನಿಂದ ಬಂದು ಇಲ್ಲಿ ನೆಲೆಸಿದ ಟೇಲರ್ ಒಬ್ಬರು. ಚೆನ್ನಾಗಿಯೇ ಆಡಿದರು. ಕೊನೆಯಲ್ಲಿ ನಮ್ಮವರದು ಬಿಳಿ ಕಾಯಿ ಒಂದೇ ಉಳಿಯಿತು, ಅದೂ ಗುಂಡಿಯ ಬಾಯಲ್ಲೇ. ಅವರವು ಕಪ್ಪು ಎರಡು. ಹೊಡೆಯುವ ಸರದಿ ನಿಮ್ಮ ಸಣ್ಣಮಗನದು. ರೋಜಾ, ನೀನೇ ಹೊಡೆದರೂ ಬೀಳುವಂಥ ಕಾಯಿ ಅದು.

ಇವರು ಸ್ಟ್ರೈಕರ್ ಇಟ್ಟು ಬೆರಳು ಮಡಿಚಿದರು. ಹೊಡೆಯಲಿಲ್ಲ. ಬೆರಳು ಬಿಚ್ಚಿ ಮತ್ತೆ ಮಡಿಚಿದರು. ಜನ, ಗುರಿ ನೋಡುತ್ತಿದ್ದಾರೆ ಎಂದುಕೊಂಡರು. ನನಗೆ ಕಿಟಕಿಯಿಂದ ಕಂಡದ್ದು ಇವರ ಬೆನ್ನು ಮಾತ್ರ. ಅಂಗಿ ಬೆವರಿಗೆ ಅಂಟಿತ್ತು. ಮುಖ ಕಾಣುತ್ತಿದ್ದದ್ದು ಎದುರಿಗೆ ಕೂತವರಿಗೆ. ಭಾವನವರು ತಮ್ಮನ ಮುಖ ನೋಡಿದರು, ಕೈ ನೋಡಿದರು. ಆಮೇಲೆ ತುಂಬಿದ ರೂಮಿನಲ್ಲಿ ದಿನಾ ಮಾತಾಡುವವರ ಹಾಗೆ ಅಂದರು:

"ಲೇ ರಾಮ, ಕೈ ನಡುಗಾಕತ್ತೈತಿ ನಿಂದು. ಉಂಡಿಯಿಲ್ಲ ಇವತ್ತು?"

ಇವರು ತಲೆಯಾಡಿಸಿದರು. ಅಷ್ಟೇ. ಭಾವನವರು ಕುರ್ಚಿ ಬಿಟ್ಟು ಎದ್ದು ಬೋರ್ಡು ಸುತ್ತಿಕೊಂಡು ಬಂದು, ಅಂಗಿಯ ಜೇಬಿನಿಂದ ಪೆಪ್ಪರ್‌ಮಿಂಟು ತೆಗೆದು, ಕಾಗದ ಬಿಡಿಸಿ, ತಮ್ಮನ ಬಾಯಿಗೆ ತಾವೇ ಇಟ್ಟರು. ಸಕ್ಕರೆ ಇಳಿದರೆ ಬೇಕಾಗುತ್ತದೆಂದು ಡಾಕ್ಟರು ಅವರಿಗೆ ಜೇಬಿನಲ್ಲಿ ಇಟ್ಟುಕೊಳ್ಳಲು ಹೇಳಿದ್ದರಂತೆ, ಅಕ್ಕ ಆಮೇಲೆ ಹೇಳಿದರು. ಒಂದು ಸಾಲದೆಂದು ಇನ್ನೊಂದು ಇಟ್ಟರು. ಇವರು ಚಿಕ್ಕ ಹುಡುಗನ ಹಾಗೆ ಬಾಯಿ ತೆರೆದರು. ಪಾಲಯ್ಯ ಚಹಾಕ್ಕೆ ಓಡಿದ, ಸಕ್ಕರೆ ಜಾಸ್ತಿ ಹಾಕಿಸಿಕೊಂಡು ಬಂದ. ಅಕ್ಕ ನನ್ನ ಕೈಯನ್ನು ಎಷ್ಟು ಬಿಗಿ ಹಿಡಿದಿದ್ದರೆಂದರೆ ಬಳೆ ಒತ್ತಿ ಗುರುತು ಇನ್ನೂ ಇದೆ. ನಾನು ಒಳಗೆ ಹೋಗಬೇಕಿತ್ತು. ಹೋಗಲಿಲ್ಲ. ಅಲ್ಲಿ ಆಗುತ್ತಿದ್ದುದರ ನಡುವೆ ಹೋಗಬಾರದು ಅನಿಸಿತು.

ಸ್ವಲ್ಪ ಹೊತ್ತಿಗೆ ಇವರ ಬೆವರು ಆರಿತು. ಆಗ ಎಲ್ಲರಿಗೂ ಆಟದ ನೆನಪಾಯಿತು. ಉಜ್ಜಿನಪ್ಪನವರು ದೊಡ್ಡ ಮನಸ್ಸಿನವರು, ಇದನ್ನ ಯಾರು ತಪ್ಪು ಅಂತಾರ, ಬಿಡ್ರಿ ಮೇಷ್ಟ್ರೇ, ಹೊಡೀಲಿ ಅಂದರು. ಮೇಷ್ಟ್ರೂ ಹೂಂ ಎನ್ನುವವರೇ. ಒಪ್ಪದವರು ನಿಮ್ಮ ದೊಡ್ಡಮಗ. "ಮಾತಾಡೀನಿ, ಎದ್ದು ಬಂದೀನಿ. ಕಾಯಿ ಹಾಕ್ರಿ" ಅಂದರು. ನಿಮ್ಮ ಹೊಟ್ಟೆಯಲ್ಲಿ ಹುಟ್ಟಿದವರು ಅಲ್ಲವೇ. ಒಂದು ಬಿಳಿ ಕಾಯಿ ನಡುವೆ ಬಂತು. ಇವರು ಗುಂಡಿಯ ಬಾಯಲ್ಲಿದ್ದ ಕಾಯಿ ಬೀಳಿಸಿದರು, ಮತ್ತೆ ಹೊಡೆದಾಗ ನಡುವಿನದು ಬೀಳದೆ ಅಂಚಿಗೆ ಹೋಗಿ ನಿಂತಿತು. ಮುಂದಿನ ಸರದಿಯಲ್ಲಿ ಟೇಲರ್ ಎರಡೂ ಕಪ್ಪು ಬೀಳಿಸಿ ಆಟ ಮುಗಿಸಿದರು. ಗೆದ್ದವರಿಗೆ ಸ್ಟೀಲಿನ ಕೊಡ, ಸೋತವರಿಗೆ ಸ್ಟೀಲಿನ ಚೆಂಬು. ನಮ್ಮ ಮನೆಗೊಂದು, ಅವರ ಮನೆಗೊಂದು ಚೆಂಬು ಬಂದಿದೆ.

ಬರುವಾಗ ಅವರಿಬ್ಬರು ಮುಂದೆ, ನಾವಿಬ್ಬರು ಹಿಂದೆ. ಸಂತೆ ಬಯಲು ದಾಟಿದ ಮೇಲೆ ದೀಪದ ಕಂಬದ ಹತ್ತಿರ ನನ್ನ ಯಜಮಾನರು ನಿಂತುಬಿಟ್ಟರು. "ಅಣ್ಣ, ಅವತ್ತು ನಾನು ಆಡಿದ ಮಾತು" ಎಂದು ಶುರು ಮಾಡಿದರು. ಮುಂದಕ್ಕೆ ಹೋಗಲು ಭಾವನವರು ಬಿಡಲಿಲ್ಲ. "ಮಾತು ಇರ್ಲಿ. ಉಣ್ಣದ ಗುಳಿಗಿ ನುಂಗಬ್ಯಾಡ" ಅಂದು ನಡೆದುಬಿಟ್ಟರು. ಇವರು ಹಿಂದೆ ಹಿಂದೆ ಹೋದರು. ಮನೆ ಬಂದಾಗ ಇಬ್ಬರೂ ತಮ್ಮತಮ್ಮ ಬಾಗಿಲಿಂದ ಒಳಗೆ ಹೋದರು. ಗೋಡೆ ಇದ್ದಲ್ಲೇ ಇದೆ ಅತ್ತೆ, ಅದು ಬಿತ್ತೆಂದು ನಾನು ಬರೆಯುವುದಿಲ್ಲ.

ನಿನ್ನೆ ಸಂಜೆ ಪಾರ್ಕಿನಿಂದ ಇವರು ತಡವಾಗಿ ಬಂದರು. ತಟ್ಟೆ ಮುಂದೆ ಕೂತು, ಅನ್ನ ಕಲಸುತ್ತಾ, ನನ್ನ ಕಡೆ ನೋಡದೆ, ಆ ಎತ್ತುಗಳು ಕೋಗಳಿ ಊರಿಗೆ ಹೋಗಿದ್ದವಂತೆ ಅಂದರು. ಒಳ್ಳೆ ಮನೆ ನೋಡಿಯೇ ಕೊಟ್ಟಿದ್ದನಂತೆ ಅಣ್ಣ. ಕುಂಟೆತ್ತನ್ನು ಅವರು ಹೂಡಲಿಲ್ಲವಂತೆ, ಮನೆ ಮುಂದೆ ಕಟ್ಟಿಕೊಂಡಿದ್ದರಂತೆ. ಅದು ಇರುವ ತನಕ ಅಣ್ಣ ವರ್ಷಕ್ಕೊಮ್ಮೆ ಹೋಗಿ ನೋಡಿ ಬರುತ್ತಿದ್ದನಂತೆ. ಇಷ್ಟು ಹೇಳಿ ಉಂಡು ಕೈತೊಳೆದರು. ಆಮೇಲೆ ಬಹಳ ಹೊತ್ತು ಬಾಗಿಲಲ್ಲಿ ಕೂತಿದ್ದರು. ಅದನ್ನು ಅವತ್ತೇ ಯಾಕೆ ಹೇಳಲಿಲ್ಲ ಎಂದು ನಾನು ಇವತ್ತು ಅಕ್ಕನನ್ನು ಕೇಳಿದೆ. ಅಂಥ ಮಾತು ಅಂದವನಿಗೆ ಲೆಕ್ಕ ಒಪ್ಪಿಸಬೇಕಾ ಎಂದು ಭಾವನವರು ಆಗ ಅಕ್ಕನನ್ನೂ ಗದರಿಸಿ ಸುಮ್ಮನಿರಿಸಿದ್ದರಂತೆ. ಇಬ್ಬರದೂ ಅಷ್ಟೇ ಅತ್ತೆ, ಒಬ್ಬರದು ಬಾಯಿ ಹೆಚ್ಚು, ಒಬ್ಬರದು ಬಾಯಿ ಕಡಿಮೆ. ನಿನ್ನೆ ಪಾರ್ಕಿನಲ್ಲಿ ಒಂದೇ ಬೆಂಚಿನಲ್ಲಿ ಕೂತು ಪೇಪರಿನ ಹಾಳೆ ಹಂಚಿಕೊಂಡು ಓದಿದರಂತೆ, ಮಳೆ, ಮೋಟಾರು, ಮಾತ್ರೆ ಇಂಥವನ್ನು ಮಾತಾಡಿದರಂತೆ. ಓಣಿಗೆ ಬಂದರೆ ಮತ್ತೆ ಬಿಗಿ. ಇನ್ನೂ ರೂಢಿಯಾಗಬೇಕು.

ಉಳಿದಂತೆ ಹೇಳುವುದು ಹೆಚ್ಚಿಲ್ಲ. ಕೆಂಪು ಆಕಳು ಈದಿದೆ, ಹೋರಿಗರು. ಅಕ್ಕ ಶೇಂಗಾ ಹಿಂಡಿ ಕಳಿಸುತ್ತಿದ್ದಾರೆ. ನಿಮ್ಮ ಕಂಬಳಿಯನ್ನು ಬಿಸಿಲಿಗೆ ಹಾಕಿ ಮಡಿಚಿ ಇಟ್ಟಿದ್ದೇನೆ. ಹುಲಿಗೆಮ್ಮನಿಗೆ, ಅವಳ ಯಜಮಾನರಿಗೆ, ಅತ್ತೆಯವರಿಗೆ ನಮ್ಮ ನಮಸ್ಕಾರ ತಿಳಿಸಿ. ರೋಜಾಳಿಗೆ ಅತ್ತೆಯ ಆಶೀರ್ವಾದ, ಚೆನ್ನಾಗಿ ಓದಲಿ. ಗಾದಿಲಿಂಗಪ್ಪ ನಿಮ್ಮ ಕಾಲಿಗೆ ಶಕ್ತಿ ಕೊಡಲಿ.

ಇಂತು ನಿಮ್ಮ ಸೊಸೆ,
ಗೀತಮ್ಮ

ತಾ.ಕ.: ಲಕೋಟೆ ಅಂಟಿಸುವ ಹೊತ್ತಿಗೆ ಇವರು ಅಂಗಡಿಗೆ ಹೊರಟವರು ಬಾಗಿಲಲ್ಲಿ ನಿಂತು ಹೇಳಿ ಹೋದರು, ಬರುವ ಭಾನುವಾರ ಮೊದಲ ಬಸ್ಸಿಗೆ ಹುಲಿಗೆಮ್ಮನ ಊರಿಗೆ ಹೋಗಿಬರ್ತೀವಿ ಎಂದು. ಹೋಗಿಬರ್ತೀನಿ ಅನ್ನಲಿಲ್ಲ, ಹೋಗಿಬರ್ತೀವಿ ಅಂದರು. ಗೋಡೆಯಾಚೆ ಅಕ್ಕನೂ ಭಾವನವರ ಬಿಳಿ ಪಂಚೆ ತೊಳೆಯಲು ತೆಗೆದಿದ್ದಾರೆ. ಯಾಕೆ ಹೋಗುವುದು ಎಂದು ಇಬ್ಬರೂ ಬಾಯಿ ಬಿಟ್ಟಿಲ್ಲ. ಅತ್ತೆ, ನಾನು ಈ ಕಾಗದ ಬರೆದದ್ದು ಈಗ ಹೇಳುವ ಮಾತಿಗೆ ಎಂದೇ ತಿಳಿಯಿರಿ. ನಿಮ್ಮ ಮಕ್ಕಳು ಬಂದು, ಚಹಾ ಕುಡಿದು, ಸುಮ್ಮನೆ ನೆಲ ನೋಡುತ್ತಾ ಕೂತು, ನಿಮ್ಮನ್ನು ಬಾ ಅನ್ನದೆಯೇ ಎದ್ದುಬಿಡುವಂಥವರು. ಒಬ್ಬರು ಕರೆಯಲಿ ಎಂದು ಇನ್ನೊಬ್ಬರು ನೋಡುತ್ತಾರೆ. ಇಬ್ಬರೂ ಕೂಡಿ ಕರೆಯಲಿ ಎಂದು ನೀವು ಕಾಯಬೇಡಿ. ಶನಿವಾರವೇ ಬಟ್ಟೆ ಗಂಟು ಕಟ್ಟಿ ಬಾಗಿಲ ಹಿಂದೆ ಇಡಿ. ಅವರು ಚಪ್ಪಲಿ ಮೆಟ್ಟುವಾಗ ನೀವು ಗಂಟು ಎತ್ತಿಕೊಂಡು ಅವರಿಗಿಂತ ಮುಂದೆ ಬಸ್‌ಸ್ಟ್ಯಾಂಡಿಗೆ ನಡೆಯಿರಿ. ಗಂಟನ್ನು ಯಾರಾದರೊಬ್ಬರು ಬಂದು ಇಸಿದುಕೊಳ್ಳುತ್ತಾರೆ.